ಕಾಟಾ ಕೋಣೆಯ ಕಂಪ್ಯೂಟರಿಗೆ ಯಾವ ಯುಐ? ವಿನ್‌ಫಾರ್ಮ್ಸ್, ಡಬ್ಲ್ಯುಪಿಎಫ್, ಎಲೆಕ್ಟ್ರಾನ್, ಕ್ಯೂಟಿ ಒರೆಗೆ ಹಚ್ಚಿದಾಗ

ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಗಿರಣಿಯ ಕಾಟಾ (ಲಾರಿ ತೂಗುವ) ಕೋಣೆ, ರಾಯಚೂರು ಎಪಿಎಂಸಿಯ ಹತ್ತಿ ಅಡತಿ ಅಂಗಡಿ, ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕ. ಮೂರೂ ಕಡೆ ಸಾಮಾನ್ಯವಾಗಿ ಸಿಗುವ ಕಂಪ್ಯೂಟರ್ ಹೆಚ್ಚುಕಡಿಮೆ ಒಂದೇ ಜಾತಿಯದು: 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್, ವಿಂಡೋಸ್ 10, ಕೆಲವೆಡೆ ಇನ್ನೂ 7. ಹಿಂದೆ ಜೋತುಬಿದ್ದ ಯುಎಸ್‌ಬಿ-ಸೀರಿಯಲ್ ಕೇಬಲ್, ಪಕ್ಕದಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್. ಇಂಥ ಯಂತ್ರದ ಮೇಲೆ ದಿನವಿಡೀ ಓಡಬೇಕಾದ ಪ್ರೋಗ್ರಾಮಿಗೆ ಯಾವ ಯುಐ (ಪರದೆ, ಬಟನ್, ಖಾನೆ ಕಟ್ಟುವ) ತಂತ್ರಜ್ಞಾನ ಒಗ್ಗುತ್ತದೆ ಎಂಬುದಷ್ಟೇ ಇಲ್ಲಿನ ಲೆಕ್ಕಾಚಾರ. ಡೆಮೊದಲ್ಲಿ ಎಲ್ಲವೂ ಚೆಂದವೇ. ಬಣ್ಣದ ಬಟನ್ ನೋಡಿ ಆರಿಸಿದವರು, ನೆಲ್ಲಿನ ಸುಗ್ಗಿಯಲ್ಲಿ ಕಾಟಾದ ಮುಂದೆ ಲಾರಿಗಳ ಸಾಲು ನಿಂತಾಗ ಕೈ ಸುಟ್ಟುಕೊಳ್ಳುತ್ತಾರೆ.

ಹಾಗಾಗಿ ಪರೀಕ್ಷೆ ನಾಲ್ಕೇ. ‘ಲಕ್ಷ್ಮೀ’ ಎಂಬ ಹೆಸರು ತುಂಡಾಗದೆ ಕಾಣಬೇಕು. ಎಂಟರ್ ಒತ್ತಿದರೆ ಮುಂದಿನ ಖಾನೆಗೆ ಹೋಗಬೇಕು. ಕಾಟಾದ ತೂಕ ಪರದೆಗೆ ಬರುವಾಗ ಪ್ರೋಗ್ರಾಂ ಹೆಪ್ಪುಗಟ್ಟಬಾರದು. ಚೀಟಿ ಬೇಗ ಹೊರಬರಬೇಕು.

ಲಕ್ಷ್ಮೀ ಪರೀಕ್ಷೆ

ಕಣ್ಣಿಗೆ ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ಏಳು ಸಂಕೇತ: ಲ, ಕ, ವಿರಾಮ (ಅಕ್ಷರವನ್ನು ಅರ್ಧ ಮಾಡುವ ಚಿಹ್ನೆ), ಷ, ವಿರಾಮ, ಮ, ಈಕಾರದ ಚಿಹ್ನೆ. ಅವನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಒಟ್ಟು 21. ಪಾರ್ಟಿ ಹೆಸರಿನ ಖಾನೆಗೆ 20 ಸಂಕೇತ ಎಂದು ಗರಿಷ್ಠ ಉದ್ದ ಕೊಟ್ಟರೆ ಇಂಗ್ಲಿಷಿನಲ್ಲಿ ಸಾಲುತ್ತದೆ, ಕನ್ನಡದಲ್ಲಿ ಮೂರನೇ ಪದಕ್ಕೇ ಟೈಪಿಂಗ್ ನಿಂತುಹೋಗುತ್ತದೆ. 60ಕ್ಕಿಂತ ಕಡಿಮೆ ಇಡಬೇಡಿ. ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ ಆದರೆ ಕಾಲಂ ಯೂನಿಕೋಡ್ ಹಿಡಿಯುವ ಎನ್‌ವಾರ್‌ಚಾರ್ ಆಗಿರಲಿ. ವಾರ್‌ಚಾರ್ ಆದರೆ ಮರುದಿನ ಪಾರ್ಟಿ ಪಟ್ಟಿ ತುಂಬ ಪ್ರಶ್ನಾರ್ಥಕ ಚಿಹ್ನೆಗಳೇ, ಆಗ ಬೈಗುಳ ಯುಐಗೆ ಬೀಳುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಈಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಇಕಾರದ ಗುಡಿಸು ಮತ್ತು ದೀರ್ಘದ ಚಿಹ್ನೆ ಎಂದು ಎರಡಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಹುಡುಕುವಾಗ ಮಾತ್ರ ಬೇರೆ ಬೇರೆ. ‘ಬಸ್‌ಸ್ಟ್ಯಾಂಡ್’ ಎನ್ನುವಾಗ ನಡುವೆ ಕೂರುವ ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರದ್ದೂ ಇದೇ ಕಥೆ. ಪಾರ್ಟಿ ಖಾತೆ ಇದ್ದೂ ‘ಸಿಗಲಿಲ್ಲ’ ಎಂದು ಬಂದರೆ ಗುಮಾಸ್ತ ಹೊಸ ಖಾತೆ ತೆರೆಯುತ್ತಾನೆ, ಬಾಕಿ ಎರಡು ಕಡೆ ಹರಿದು ಹಂಚಿಹೋಗುತ್ತದೆ. ಯಾವ ಯುಐ ಆರಿಸಿದರೂ, ಉಳಿಸುವ ಮುನ್ನ ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಒಂದೇ ಸಂಕೇತಕ್ಕೆ ಕೂಡಿಸಿದ) ರೂಪಕ್ಕೆ ತರುವ ಒಂದು ಸಾಲು ಬೇಕು. ಹುಡುಕಲು ಜೋಡಣೆ ಚಿಹ್ನೆಗಳನ್ನು ಕಿತ್ತ ಪ್ರತ್ಯೇಕ ಕಾಲಂ ಕೂಡ ಇರಲಿ.

ಫಾಂಟ್ ವಿಚಾರ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ‘ತುಂಗಾ’ ಬರುತ್ತಿತ್ತು. ವಿಂಡೋಸ್ 10ರಲ್ಲಿ ಅದು ಐಚ್ಛಿಕ, ಬೇಕಾದರೆ ಹಾಕಿಕೊಳ್ಳಬೇಕು. ತಾನಾಗಿ ಇರುವುದು ‘ನಿರ್ಮಲಾ ಯುಐ’, ಅದು ಬಂದದ್ದು ವಿಂಡೋಸ್ 8ರಿಂದ. ಹಳೆಯ ಕೋಡಿನಲ್ಲಿ ತುಂಗಾ ಎಂದು ಗಟ್ಟಿಯಾಗಿ ಬರೆದಿದ್ದರೆ ಹೊಸ ಯಂತ್ರದಲ್ಲಿ ಅಳತೆ ಬದಲಾಗಿ, ಒತ್ತಕ್ಷರಗಳ ಕಾಲು ಕತ್ತರಿಸುತ್ತದೆ. ನಿರ್ಮಲಾದಲ್ಲಿ ಕನ್ನಡದ ಜೊತೆ ತೆಲುಗೂ ಇದೆ. ಬಳ್ಳಾರಿಯಲ್ಲಿ ಇದು ಸಣ್ಣ ಮಾತಲ್ಲ, ಘಟಕದ ಅರ್ಧ ಜನ ತೆಲುಗಿನಲ್ಲೇ ಹೆಸರು ಓದುವವರಿದ್ದರೆ ಒಂದೇ ಫಾಂಟ್‌ನಲ್ಲಿ ಎರಡೂ ಮುಗಿಯುತ್ತದೆ.

ವಿನ್‌ಫಾರ್ಮ್ಸ್

2002ರಲ್ಲಿ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಫ್ರೇಮ್‌ವರ್ಕ್ (ಪ್ರೋಗ್ರಾಂ ಓಡಿಸುವ ತಳಹದಿ) 1.0 ಜೊತೆ ಬಂದದ್ದು. ಮುದಿಯಾಯಿತು ಎಂದು ಮೂಗು ಮುರಿಯುವವರು ಬಹಳ. ಕಾಟಾ ಕೋಣೆಯ ಮಟ್ಟಿಗೆ ಇದನ್ನು ಮೀರಿಸುವುದು ಇನ್ನೂ ಬಂದಿಲ್ಲ. ಕಾರಣ ಬಹಳ ಸರಳ: ಫ್ರೇಮ್‌ವರ್ಕ್ 4.8 ಎಂಬುದು 2019ರ ಮೇ ಅಪ್‌ಡೇಟ್‌ನಿಂದ ಈಚಿನ ಪ್ರತಿ ವಿಂಡೋಸ್ 10ರಲ್ಲಿ ಮತ್ತು 11ರಲ್ಲಿ ಮೊದಲೇ ಕೂತಿದೆ. ವಿಂಡೋಸ್ 7 ಸರ್ವಿಸ್ ಪ್ಯಾಕ್ 1ಕ್ಕೂ ಹಾಕಬಹುದು. ಪ್ರೋಗ್ರಾಂ ಕೆಲವೇ ಎಂಬಿ, ಪೆನ್‌ಡ್ರೈವ್‌ನಲ್ಲಿ ಒಯ್ದು ನಕಲು ಮಾಡಿದರೆ ಆಯಿತು. ಇಂಟರ್‌ನೆಟ್ ಬೇಕಿಲ್ಲ. ಡಾಟ್‌ನೆಟ್ 8ರಂಥ ಹೊಸದಕ್ಕೆ ಹೋದರೆ ಈ ಸುಖ ತಪ್ಪುತ್ತದೆ. ರನ್‌ಟೈಮ್ ಬೇರೆ ಹಾಕಬೇಕು, ಇಲ್ಲವೇ ಅದನ್ನು ಒಳಗೇ ಕಟ್ಟಿ ನೂರು ಎಂಬಿ ದಾಟಿದ ಗಂಟು ಹೊರಬೇಕು. ಡಾಟ್‌ನೆಟ್ 7ರಿಂದ ಈಚೆಗೆ ವಿಂಡೋಸ್ 7ರ ಬೆಂಬಲವೂ ಇಲ್ಲ.

ಕನ್ನಡ ಜೋಡಣೆಯನ್ನು ವಿಂಡೋಸೇ ಮಾಡಿಕೊಡುತ್ತದೆ, ಅಲ್ಲಿ ತಕರಾರಿಲ್ಲ. ಕೆಡುವುದು ಎತ್ತರದಲ್ಲಿ. ಪಟ್ಟಿ ತೋರಿಸುವ ಡೇಟಾಗ್ರಿಡ್‌ವ್ಯೂ ಸಾಲಿನ ಎತ್ತರ ಮೊದಲಿಗೆ 22 ಪಿಕ್ಸೆಲ್. ನಿರ್ಮಲಾ 11 ಪಾಯಿಂಟ್ ಇಟ್ಟರೆ ‘ಲಕ್ಷ್ಮೀ’ಯ ಮ ಒತ್ತು ಅರ್ಧ ಮಾಯ. ಸಾಲುಗಳ ಎತ್ತರವನ್ನು ತಾನೇ ಹೊಂದಿಸಿಕೊಳ್ಳುವ ಆಯ್ಕೆ ಒತ್ತಬೇಡಿ, ಐದು ಸಾವಿರ ಚೀಟಿ ತೆರೆದಾಗ ಪ್ರತಿ ಸಾಲನ್ನೂ ಅಳೆಯುತ್ತ ಕೂರುತ್ತದೆ. ರೋ ಟೆಂಪ್ಲೇಟ್‌ನಲ್ಲಿ ಎತ್ತರ 30 ಎಂದು ಒಮ್ಮೆ ಬರೆದರೆ ಸಾಕು.

ನಿಮ್ಮದೇ ಫಾಂಟ್ ಕೂಡಿಸಿ ಕೊಡುವ ಆಸೆ ಇದ್ದರೆ ಇಲ್ಲಿ ಕಷ್ಟ. ಪ್ರೈವೇಟ್ ಫಾಂಟ್ ಕಲೆಕ್ಷನ್‌ನಲ್ಲಿ ಹಾಕಿದ್ದು ವಿಂಡೋಸ್‌ನ ಪರದೆ ಬರೆಯುವ ಭಾಗಗಳಲ್ಲೊಂದಾದ ಜಿಡಿಐ ಪ್ಲಸ್‌ಗೆ ಮಾತ್ರ ಕಾಣುತ್ತದೆ. ಸಾಮಾನ್ಯ ಲೇಬಲ್ ಬರೆಯುವುದು ಹಳೆಯ ಜಿಡಿಐನಿಂದ. ಆ ಕಂಟ್ರೋಲ್‌ಗೆ ‘ಕಂಪ್ಯಾಟಿಬಲ್ ಟೆಕ್ಸ್ಟ್ ರೆಂಡರಿಂಗ್’ ಹಚ್ಚದಿದ್ದರೆ ನಿಮ್ಮ ಫಾಂಟ್ ಬರುವುದೇ ಇಲ್ಲ.

ಫಾರ್ಮ್ ಚಿತ್ರಿಸುವ ಉಪಕರಣವಾದ ಡಿಸೈನರ್‌ನ ಬಲೆಯೊಂದಿದೆ. 125 ಶೇಕಡಾ ಸ್ಕೇಲ್ ಇರುವ ಲ್ಯಾಪ್‌ಟಾಪಿನಲ್ಲಿ ಫಾರ್ಮ್ ತೆರೆದು ಸೇವ್ ಮಾಡಿದರೆ ಅಳತೆಗಳೆಲ್ಲ ಆ ಲೆಕ್ಕಕ್ಕೆ ಬರೆದುಹೋಗಿ, ಗಿರಣಿಯ ಹಳೆಯ ಮಾನಿಟರ್‌ನಲ್ಲಿ ‘ಉಳಿಸು’ ಬಟನ್ ಪರದೆಯ ಕೆಳಗೆ ಹೋಗಿ ಕೂರಬಹುದು. ವಿನ್ಯಾಸವನ್ನು 100 ಶೇಕಡಾದಲ್ಲೇ ಮಾಡಿ, ಖಾನೆಗಳನ್ನು ಟೇಬಲ್ ಲೇಔಟ್ ಪ್ಯಾನೆಲ್ ಒಳಗೆ ಇಡಿ. ಫ್ರೇಮ್‌ವರ್ಕ್‌ನಿಂದ ಹೊಸ ಡಾಟ್‌ನೆಟ್‌ಗೆ ದಾಟಿಸುವಾಗಲೂ ಇಂಥದ್ದೇ ಕಾಟ: ಡಿಫಾಲ್ಟ್ ಫಾಂಟ್ ಮೈಕ್ರೋಸಾಫ್ಟ್ ಸ್ಯಾನ್ಸ್ ಸೆರಿಫ್ 8.25ರಿಂದ ಸಿಗೋ ಯುಐ 9ಕ್ಕೆ ಹಾರುತ್ತದೆ, ಎಲ್ಲ ಫಾರ್ಮ್ ಉಬ್ಬುತ್ತವೆ.

ಎಂಟರ್ ಕೀ. ಟ್ಯಾಲಿ, ಫಾಕ್ಸ್‌ಪ್ರೋ ಮೇಲೆ ಪಳಗಿದ ಗುಮಾಸ್ತ ಬಲಗೈಯನ್ನು ನಂಬರ್ ಪ್ಯಾಡ್‌ನಿಂದ ಎತ್ತುವುದಿಲ್ಲ. ಟ್ಯಾಬ್ ಒತ್ತಿ ಎಂದರೆ ನಿಮ್ಮನ್ನೇ ನೋಡುತ್ತಾನೆ. ಫಾರ್ಮ್‌ನ ಪ್ರೊಸೆಸ್ ಸಿಎಂಡಿ ಕೀ ಎಂಬ ಮೆಥಡ್ ಒಳಗೆ ಎಂಟರ್ ಹಿಡಿದು ಸೆಲೆಕ್ಟ್ ನೆಕ್ಸ್ಟ್ ಕಂಟ್ರೋಲ್ ಕರೆಯಿರಿ. ಆಕ್ಸೆಪ್ಟ್ ಬಟನ್ ಖಾಲಿ ಬಿಡಿ. ಅದನ್ನು ‘ಉಳಿಸು’ಗೆ ಕಟ್ಟಿದ್ದು ಉಳಿದು, ನಿಮ್ಮ ಕೋಡು ಎಲ್ಲೋ ಎಂಟರ್ ಹಿಡಿಯಲು ತಪ್ಪಿದರೆ ಲಾರಿ ನಂಬರ್ ಹಾಕಿ ಎಂಟರ್ ಹೊಡೆದ ಕೂಡಲೇ ತೂಕವಿಲ್ಲದ ಚೀಟಿ ಉಳಿಯುತ್ತದೆ. ಗ್ರಿಡ್ ಒಳಗೆ ಎಂಟರ್ ಕೆಳಗಿನ ಸಾಲಿಗೆ ಇಳಿಯುತ್ತದೆ, ಬಲದ ಖಾನೆಗೆ ಹೋಗುವುದಿಲ್ಲ. ಅದಕ್ಕೆ ಗ್ರಿಡ್ ಕ್ಲಾಸನ್ನು ವಿಸ್ತರಿಸಿ, ಪ್ರೊಸೆಸ್ ಡೈಲಾಗ್ ಕೀ ಮತ್ತು ಪ್ರೊಸೆಸ್ ಡೇಟಾಗ್ರಿಡ್‌ವ್ಯೂ ಕೀ ಎರಡನ್ನೂ ಬದಲಿಸಬೇಕು. ಒಂದನ್ನೇ ಬದಲಿಸಿದರೆ ಖಾನೆ ತಿದ್ದುತ್ತಿರುವಾಗ ಒಂದು ಥರ, ಸುಮ್ಮನೆ ಓಡಾಡುವಾಗ ಇನ್ನೊಂದು ಥರ ನಡೆಯುತ್ತದೆ.

ಕಾಟಾದ ತಂತಿ

ಇದು ಯಾವ ಯುಐ ಆದರೂ ಒಂದೇ, ಆದರೆ ಬಿದ್ದು ಪೆಟ್ಟು ಮಾಡಿಕೊಳ್ಳುವುದು ಪರದೆಯನ್ನು ನಡೆಸುವ ಎಳೆಯಾದ ಯುಐ ಥ್ರೆಡ್‌ನಲ್ಲೇ. ತೂಕದ ಇಂಡಿಕೇಟರ್ ಆರ್‌ಎಸ್-232 ಮೂಲಕ ಸೆಕೆಂಡಿಗೆ ಹಲವು ಬಾರಿ ತೂಕದ ಸಾಲು ಉಗುಳುತ್ತಲೇ ಇರುತ್ತದೆ. ಡಾಟ್‌ನೆಟ್‌ನ ಸೀರಿಯಲ್ ಪೋರ್ಟ್‌ನಲ್ಲಿ ದತ್ತಾಂಶ ಬಂದ ಸುದ್ದಿ ಬೇರೆ ಥ್ರೆಡ್‌ನಲ್ಲಿ ಬರುತ್ತದೆ. ಅಲ್ಲಿಂದ ನೇರ ಲೇಬಲ್ ಮುಟ್ಟಿದರೆ ದೋಷ. ಆಗ ಎಲ್ಲರೂ ಇನ್‌ವೋಕ್ (ಕೆಲಸವನ್ನು ಯುಐ ಥ್ರೆಡ್‌ಗೆ ಒಪ್ಪಿಸಿ ಮುಗಿಯುವ ತನಕ ಕಾಯುವ ಕರೆ) ಹಾಕುತ್ತಾರೆ, ಕೆಲಸ ನಡೆಯುತ್ತದೆ. ಸಂಜೆ ಫಾರ್ಮ್ ಮುಚ್ಚುವಾಗ ಪ್ರೋಗ್ರಾಂ ಗಕ್ಕನೆ ನಿಲ್ಲುತ್ತದೆ. ಯುಐ ಥ್ರೆಡ್ ಪೋರ್ಟ್ ಮುಚ್ಚಲು ಕಾಯುತ್ತಿದೆ, ಪೋರ್ಟಿನ ಥ್ರೆಡ್ ಯುಐಗಾಗಿ ಕಾಯುತ್ತಿದೆ, ಇಬ್ಬರೂ ‘ನೀವು ಮೊದಲು’ ಎನ್ನುತ್ತ ನಿಂತಿದ್ದಾರೆ. ಕಾಯದೆ ಮುಂದೆ ಹೋಗುವ ಬಿಗಿನ್‌ಇನ್‌ವೋಕ್ ಬಳಸಿದರೆ ಈ ಗಂಟು ಬೀಳುವುದಿಲ್ಲ.

ಇನ್ನೂ ಒಳ್ಳೆಯ ಕ್ರಮ ಹೀಗಿದೆ. ಬಂದ ಬೈಟ್‌ಗಳನ್ನು ಬಫರ್‌ನಲ್ಲಿ ಕೂಡಿಸಿ, ಸಾಲಿನ ಕೊನೆಯ ಗುರುತು ಸಿಕ್ಕಾಗ ಮಾತ್ರ ಕತ್ತರಿಸಿ. ಒಂದು ಬಾರಿಗೆ ಅರ್ಧ ಸಾಲು ಬರುವುದು ಸಹಜ, ಅದನ್ನೇ ತೂಕ ಎಂದು ಓದಿದರೆ 24,560 ಕಿಲೋ ಇದ್ದದ್ದು 2,456 ಆಗುತ್ತದೆ. ಕೊನೆಯ ಪೂರ್ಣ ತೂಕವನ್ನು ಒಂದು ವೇರಿಯಬಲ್‌ನಲ್ಲಿಟ್ಟು, ಪರದೆಯನ್ನು 200 ಮಿಲಿಸೆಕೆಂಡಿನ ಟೈಮರ್‌ನಿಂದ ತುಂಬಿ. ಇಂಡಿಕೇಟರ್ ‘ತೂಕ ನಿಂತಿದೆ’ ಎಂಬ ಗುರುತು ಕಳಿಸುವಂಥದ್ದಾದರೆ, ಅದು ಬರುವ ತನಕ ಗ್ರಾಸ್ (ತುಂಬಿದ ಲಾರಿ), ಟೇರ್ (ಖಾಲಿ ಲಾರಿ) ಬಟನ್ ಎರಡನ್ನೂ ಒತ್ತಲು ಬಿಡಬೇಡಿ. ಲಾರಿ ಕಾಟಾದ ಮೇಲೆ ಅಲುಗಾಡುತ್ತಿರುವಾಗಲೇ ತೂಕ ಹಿಡಿದ ಚೀಟಿಗೆ ಜಗಳ ಖಂಡಿತ.

ಪೋರ್ಟ್ ಹೆಸರನ್ನು ಕೋಡಿನಲ್ಲಿ ಬರೆಯಲೇಬೇಡಿ. ಕಸ ಗುಡಿಸುವಾಗ ಕೇಬಲ್ ಕಿತ್ತು ಬೇರೆ ಯುಎಸ್‌ಬಿ ತೂತಿಗೆ ಹಾಕಿದರೆ ಕಾಮ್ 3 ಇದ್ದದ್ದು ಕಾಮ್ 5 ಆಗುವುದುಂಟು. ಸೆಟ್ಟಿಂಗ್ ಪರದೆಯಲ್ಲಿ ಪೋರ್ಟ್ ಪಟ್ಟಿ, ಬಾಡ್ ರೇಟ್ (ತಂತಿಯ ವೇಗ), ಪಕ್ಕದಲ್ಲಿ ಬರುತ್ತಿರುವ ಕಚ್ಚಾ ಸಾಲು ತೋರಿಸುವ ಒಂದು ಚೌಕ ಇದ್ದರೆ ಫೋನಿನಲ್ಲೇ ಸರಿಪಡಿಸಿಬಿಡಬಹುದು.

ಡಬ್ಲ್ಯುಪಿಎಫ್

ಇದೂ ಮೈಕ್ರೋಸಾಫ್ಟ್‌ನದೇ, 2006ರ ಕೂಸು. ಅಳತೆಯೆಲ್ಲ ಇಂಚಿನ 96ನೇ ಒಂದು ಭಾಗದ ಲೆಕ್ಕದಲ್ಲಿ, ಆದ್ದರಿಂದ ಸ್ಕೇಲ್ ಬದಲಾದರೂ ಪರದೆ ಕೆಡುವುದಿಲ್ಲ. ಫಾಂಟ್‌ಗೆ ‘ನಿರ್ಮಲಾ ಯುಐ, ತುಂಗಾ’ ಎಂದು ಕಾಮಾ ಹಾಕಿ ಪಟ್ಟಿ ಕೊಡಬಹುದು, ನಿಮ್ಮದೇ ಫಾಂಟ್ ಒಳಗೆ ಕಟ್ಟಬಹುದು. ಭಾಷೆ ಬದಲಿಸುವುದು ಇದರ ದೊಡ್ಡ ಬಲ. ಲೇಬಲ್‌ಗಳನ್ನು ಡೈನಾಮಿಕ್ ರಿಸೋರ್ಸ್‌ಗೆ ಕಟ್ಟಿದರೆ ಪ್ರೋಗ್ರಾಂ ಮುಚ್ಚದೆಯೇ ಕನ್ನಡದಿಂದ ತೆಲುಗಿಗೆ ಹೊರಳುತ್ತದೆ. ಬಳ್ಳಾರಿಯ ಹೊಲಿಗೆ ಘಟಕದಲ್ಲಿ ಪೀಸ್ ಲೆಕ್ಕ ಬರೆಯುವ ಪರದೆಗೆ ಇದೇ ಸರಿ. 28ರಿಂದ 40ರವರೆಗೆ ಸೈಜು ಅಡ್ಡಕ್ಕೆ, ಬಣ್ಣ ಉದ್ದಕ್ಕೆ, ಖಾಲಿ ಖಾನೆ ಬೂದು, ಕೊರತೆ ಕೆಂಪು. ವಿನ್‌ಫಾರ್ಮ್ಸ್‌ನಲ್ಲಿ ಅಷ್ಟನ್ನು ಬಣ್ಣ ಬಳಿಯಲು ಕೈಯಾರೆ ಬರೆಯಬೇಕಾದ ಕೋಡು ಇಲ್ಲಿ ಒಂದೆರಡು ಟ್ರಿಗರ್‌ಗಳಲ್ಲಿ ಮುಗಿಯುತ್ತದೆ.

ಕನ್ನಡಿಗರಿಗೇ ಮೀಸಲಾದ ಒಂದು ಗುಂಡಿ ಇಲ್ಲಿದೆ. ಡೇಟಾಟೇಬಲ್‌ನಿಂದ ಕಾಲಂಗಳನ್ನು ತಾನಾಗಿ ಮಾಡಿಸಿ, ಮೊದಲ ಕಾಲಂಗೆ ‘ಕ್ರ.ಸಂ.’ ಎಂದು ಹೆಸರಿಟ್ಟರೆ ಆ ಕಾಲಂ ಪೂರ್ತಿ ಖಾಲಿ. ದೋಷದ ಸಂದೇಶವೂ ಎದುರಿಗೆ ಬರುವುದಿಲ್ಲ, ಡೀಬಗ್ ಮಾಡುವಾಗ ಔಟ್‌ಪುಟ್ ಕಿಟಕಿಯಲ್ಲಿ ಗೊಣಗುತ್ತದೆ ಅಷ್ಟೇ. ಬೈಂಡಿಂಗ್ ದಾರಿಯಲ್ಲಿ ಚುಕ್ಕೆ ಎಂದರೆ ‘ಇದರೊಳಗಿನ ಅದು’ ಎಂದರ್ಥ, ಆದ್ದರಿಂದ ‘ಕ್ರ’ ಎಂಬುದರೊಳಗೆ ‘ಸಂ’ ಹುಡುಕಲು ಹೋಗುತ್ತದೆ. ‘ಕಪ್ಪು/ನೀಲಿ’ಯ ಓರೆಗೆರೆಗೂ ಇದೇ ಗತಿ. ಕಾಲಂನ ಒಳಹೆಸರು ಬೇರೆ, ತಲೆಬರಹ ಬೇರೆ ಇಡಿ.

ಡೇಟಾಗ್ರಿಡ್ ಅನ್ನು ಸ್ಟ್ಯಾಕ್ ಪ್ಯಾನೆಲ್ ಒಳಗೆ ಇಟ್ಟರೆ ಅದಕ್ಕೆ ಎತ್ತರದ ಮಿತಿ ಸಿಗದೆ, ಕಾಣುವ ಸಾಲು ಮಾತ್ರ ರಚಿಸುವ ಸೌಲಭ್ಯ ಸತ್ತುಹೋಗುತ್ತದೆ. ಹತ್ತು ಸಾವಿರ ಸಾಲಿನ ವರದಿ ತೆರೆಯಲು ಚಹಾ ಕುಡಿದು ಬರಬಹುದು. ಗ್ರಿಡ್ ಪ್ಯಾನೆಲ್‌ನ ನಕ್ಷತ್ರ ಎತ್ತರದ ಸಾಲಿನಲ್ಲಿ ಇಡಿ. ಸಣ್ಣ ಅಕ್ಷರ ಮಸುಕಾಗಿ ಕಂಡರೆ ಟೆಕ್ಸ್ಟ್ ಫಾರ್ಮ್ಯಾಟಿಂಗ್ ಮೋಡ್ ಅನ್ನು ‘ಡಿಸ್‌ಪ್ಲೇ’ ಮಾಡಿ. ಹಳೆಯ ಗ್ರಾಫಿಕ್ಸ್ ಡ್ರೈವರ್ ಇರುವಲ್ಲಿ ಪರದೆ ಕಪ್ಪಾದರೆ ಸಾಫ್ಟ್‌ವೇರ್ ರೆಂಡರಿಂಗ್‌ಗೆ ಬದಲಿಸಿದರೆ ಸಾಮಾನ್ಯವಾಗಿ ಗುಣವಾಗುತ್ತದೆ. ಕಲಿಯಲು ಮಾತ್ರ ಹೊತ್ತು ಹಿಡಿಯುತ್ತದೆ. ಎರಡು ಪರದೆಯ ಕಾಟಾ ಪ್ರೋಗ್ರಾಮಿಗೆ ಇಷ್ಟೆಲ್ಲ ಬೇಕೇ? ಬೇಡ.

ಎಲೆಕ್ಟ್ರಾನ್, ಟೌರಿ

ವೆಬ್ ಬಲ್ಲ ಹುಡುಗರು ಎಲ್ಲೆಡೆ ಸಿಗುತ್ತಾರೆ, ಹಾಗಾಗಿ ವೆಬ್ ಪುಟದ ತಂತ್ರದಲ್ಲೇ ಪ್ರೋಗ್ರಾಂ ಕಟ್ಟುವ ಎಲೆಕ್ಟ್ರಾನ್ ಬೇಗ ಕೈಗೆ ಬರುತ್ತದೆ. 2013ರಲ್ಲಿ ಗಿಟ್‌ಹಬ್‌ನ ಆಟಮ್ ಎಡಿಟರ್‌ಗಾಗಿ ಹುಟ್ಟಿದ್ದು, ವಿಎಸ್ ಕೋಡ್ ಓಡುವುದೂ ಇದರ ಮೇಲೆಯೇ. ಪ್ರತಿ ಪ್ರೋಗ್ರಾಮೂ ಇಡೀ ಕ್ರೋಮಿಯಂ ಬ್ರೌಸರನ್ನು ಬೆನ್ನಿಗೆ ಕಟ್ಟಿಕೊಂಡು ಬರುತ್ತದೆ. ಖಾಲಿ ಕಿಟಕಿಗೇ ಹಲವು ಪ್ರೊಸೆಸ್, ನೂರು ಎಂಬಿ ಮೀರಿದ ಮೆಮೊರಿ. 4 ಜಿಬಿ ಯಂತ್ರದಲ್ಲಿ ಟ್ಯಾಲಿ, ಕ್ರೋಮ್, ಆಂಟಿವೈರಸ್ ಜೊತೆ ಇದೂ ಸೇರಿದರೆ ತಿರುಗುವ ಡಿಸ್ಕ್ ನರಳುವುದು ಕಿವಿಗೇ ಕೇಳಿಸುತ್ತದೆ. 8 ಜಿಬಿ ಮತ್ತು ಎಸ್‌ಎಸ್‌ಡಿ ಇದ್ದರೆ ಈ ದೂರು ಬಹುಪಾಲು ಬಿದ್ದುಹೋಗುತ್ತದೆ.

ಕನ್ನಡ ಮಾತ್ರ ಇಲ್ಲಿ ಅಚ್ಚುಕಟ್ಟು. ಜೋಡಣೆ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ಲೈಬ್ರರಿಯದು, ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಮುಕ್ತ ಪರವಾನಗಿಯದು. ಅದನ್ನು ಒಳಗೆ ಇಟ್ಟುಬಿಟ್ಟರೆ ಪ್ರತಿ ಯಂತ್ರದಲ್ಲೂ ಒಂದೇ ರೂಪ. ಲೈನ್-ಹೈಟ್ 1 ಎಂದು ಬರೆದು ಓವರ್‌ಫ್ಲೋ ಮುಚ್ಚಿದರೆ ಒತ್ತು ಕತ್ತರಿಸುತ್ತದೆ, 1.6 ಇಡಿ. ಎಂಟರ್ ಕೀಗೆ ಎಚ್ಚರ: ಎಚ್‌ಟಿಎಂಎಲ್ ಫಾರ್ಮ್ ಒಳಗೆ ಅದು ಸಬ್‌ಮಿಟ್. ಲಕ್ಷದ ಕಾಮಾಕ್ಕೆ ಲೊಕೇಲ್ ‘ಇಎನ್-ಐಎನ್’ (ಭಾರತದ ಇಂಗ್ಲಿಷ್ ರೂಢಿ) ಕೊಟ್ಟರೆ 1,00,000 ಎಂದೇ ಬರುತ್ತದೆ.

ಕಾಟಾಕ್ಕೆ ಸೀರಿಯಲ್‌ಪೋರ್ಟ್ ಎಂಬ ನೋಡ್ ಪ್ಯಾಕೇಜ್ ಇದೆ. ಅದರ ಯಂತ್ರಭಾಷೆಗೆ ಕಟ್ಟಿದ (ನೇಟಿವ್) ಭಾಗ ಎಲೆಕ್ಟ್ರಾನ್ ಆವೃತ್ತಿಗೆ ಹೊಂದಿರಬೇಕು. ಎಲೆಕ್ಟ್ರಾನ್ ಏರಿಸಿ ಅದನ್ನು ಮರುಕಟ್ಟದೆ ಬಿಟ್ಟರೆ ‘ಮಾಡ್ಯೂಲ್ ಆವೃತ್ತಿ ಬೇರೆ’ ಎಂದು ಪ್ರೋಗ್ರಾಂ ತೆರೆಯುವಾಗಲೇ ಬೀಳಬಹುದು. ಕೆಲಸ ಸುಲಭವಾಗಲೆಂದು ಪುಟಕ್ಕೆ ನೇರ ನೋಡ್ ಪ್ರವೇಶ ತೆರೆಯಬೇಡಿ, ಪ್ರೀಲೋಡ್ ಕಡತದ ಮೂಲಕ ‘ತೂಕ ಕೊಡು’, ‘ಚೀಟಿ ಅಚ್ಚು ಹಾಕು’ ಎಂಬ ನಾಲ್ಕೈದು ಕರೆ ಮಾತ್ರ ಬಿಡಿ.

ದೊಡ್ಡ ತಲೆನೋವು ಆಯುಸ್ಸಿನದು. ಸುಮಾರು ಎಂಟು ವಾರಕ್ಕೊಂದು ಹೊಸ ಮುಖ್ಯ ಆವೃತ್ತಿ, ಬೆಂಬಲ ಇತ್ತೀಚಿನ ಮೂರಕ್ಕೆ ಮಾತ್ರ. ಎಲೆಕ್ಟ್ರಾನ್ 22ರ ನಂತರ ವಿಂಡೋಸ್ 7 ಇಲ್ಲ. ಮೊಬೈಲ್ ಹಾಟ್‌ಸ್ಪಾಟ್ ಮೇಲೆ ನಡೆಯುವ ಅಂಗಡಿಗೆ ಪದೇಪದೇ ಬರುವ ಭಾರೀ ಅಪ್‌ಡೇಟ್ ಹೊರೆಯೇ. ಗಿರಣಿಯವರು ಒಮ್ಮೆ ಹಾಕಿದ್ದನ್ನು ಹತ್ತು ವರ್ಷ ಮುಟ್ಟದವರು.

ಟೌರಿ ಇದರ ತೆಳ್ಳನೆಯ ತಮ್ಮ. 1.0 ಬಂದದ್ದು 2022ರಲ್ಲಿ, 2.0 ಬಂದದ್ದು 2024ರಲ್ಲಿ. ಬ್ರೌಸರನ್ನು ಹೊತ್ತು ತರುವುದಿಲ್ಲ, ವಿಂಡೋಸ್‌ನ ವೆಬ್‌ವ್ಯೂ2 ಬಳಸಿಕೊಳ್ಳುತ್ತದೆ, ಹಾಗಾಗಿ ಇನ್‌ಸ್ಟಾಲರ್ ಕೆಲವೇ ಎಂಬಿ. ವಿಂಡೋಸ್ 11ರಲ್ಲಿ ಅದು ಇದ್ದೇ ಇದೆ. ನೆಟ್ ಕಾಣದ ಹಳೆಯ 10ರಲ್ಲಿ ಇಲ್ಲದಿರಬಹುದು, ಆಗ ಆಫ್‌ಲೈನ್ ಇನ್‌ಸ್ಟಾಲರ್ ಜೊತೆಗೆ ಒಯ್ಯಬೇಕು. ಹಿಂಬದಿ ಕೋಡು ರಸ್ಟ್‌ನಲ್ಲಿ. ನೀವು ಬಿಟ್ಟುಹೋದ ಮೇಲೆ ಅದನ್ನು ಕೊಪ್ಪಳದಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂದು ಮೊದಲೇ ಯೋಚಿಸಿ.

ಉಳಿದವು

ಕ್ಯೂಟಿ ಗಟ್ಟಿ ಸರಕು. ಸಿ++ ಬಲ್ಲವರಿದ್ದು, ಯಂತ್ರದ ಜೊತೆ ಬೆಸೆದ ಕೆಲಸವಾದರೆ ಇದಕ್ಕೆ ಸಾಟಿ ಕಡಿಮೆ. ಸೀರಿಯಲ್ ಮಾಡ್ಯೂಲ್ ಅದರದೇ ಇದೆ, ಕನ್ನಡ ಹಾರ್ಫ್‌ಬಜ್‌ನಿಂದ ಸರಿ ಬರುತ್ತದೆ. ಕ್ಯೂಟಿ 6ಕ್ಕೆ ವಿಂಡೋಸ್ 10 ಬೇಕು, 7 ಬೇಕಾದರೆ 5.15ರಲ್ಲೇ ಉಳಿಯಬೇಕು. ಪೈಥಾನ್‌ನಿಂದ ಬರುವವರು ಪರವಾನಗಿ ನೋಡಿಕೊಳ್ಳಿ: ಪೈಸೈಡ್ ಎಲ್‌ಜಿಪಿಎಲ್‌ನಲ್ಲಿ ಸಿಗುತ್ತದೆ, ಪೈಕ್ಯೂಟಿ ಜಿಪಿಎಲ್ (ಹಂಚಿದರೆ ನಿಮ್ಮ ಕೋಡನ್ನೂ ತೆರೆಯಬೇಕಾದ ಪರವಾನಗಿ) ಅಥವಾ ದುಡ್ಡು ಕೊಟ್ಟು. ಕೋಡು ಮುಚ್ಚಿಟ್ಟು ಮಾರುವ ಪ್ರೋಗ್ರಾಮಿಗೆ ಈ ವ್ಯತ್ಯಾಸ ದೊಡ್ಡದು.

ಜಾವಾ ಬಲ್ಲವರಿಗೆ ಜಾವಾಎಫ್‌ಎಕ್ಸ್ ಇದೆ, 2018ರ ಜೆಡಿಕೆ 11ರಿಂದ ಅದನ್ನು ಬೇರೆಯೇ ತಂದು ಕೂಡಿಸಬೇಕು. ಜಾವಾದ ಡೆಸಿಮಲ್ ಫಾರ್ಮ್ಯಾಟ್‌ಗೆ ಲಕ್ಷದ ಕಾಮಾ ಗೊತ್ತಿಲ್ಲ. ಒಂದೇ ಅಳತೆಯ ಗುಂಪು ಮಾತ್ರ, 100,000 ಎಂದು ಬರೆಯುತ್ತದೆ. ರೈತನ ಪಟ್ಟಿಯಲ್ಲಿ ಹಾಗೆ ಅಚ್ಚಾದರೆ ಯಾರೂ ಒಪ್ಪುವುದಿಲ್ಲ. ಐಸಿಯು ಲೈಬ್ರರಿ ಕೂಡಿಸಿ. ಅವಲೋನಿಯಾ ಡಬ್ಲ್ಯುಪಿಎಫ್ ಬಲ್ಲವರಿಗೆ ಲಿನಕ್ಸ್ ದಾರಿ, ಎಂಐಟಿ ಪರವಾನಗಿ, ಆದರೆ ಅಚ್ಚಿನ ವ್ಯವಸ್ಥೆ ನೀವೇ ಮಾಡಿಕೊಳ್ಳಬೇಕು. ಫ್ಲಟರ್‌ನ ವಿಂಡೋಸ್ ಬೆಂಬಲ 2022ರಿಂದ ಸ್ಥಿರವಾಗಿದೆ. ಮೊಬೈಲ್ ಆ್ಯಪ್ ಮೊದಲೇ ಅದರಲ್ಲಿದ್ದರೆ ಮಾತ್ರ ಇತ್ತ ನೋಡಿ.

ವಿಬಿ6ರಲ್ಲಿ (ಹಳೆಯ ವಿಶುವಲ್ ಬೇಸಿಕ್ 6) ಹೊಸದನ್ನು ಶುರು ಮಾಡಬೇಡಿ. ಅದರ ಕಂಟ್ರೋಲ್‌ಗಳಿಗೆ ಯೂನಿಕೋಡ್ ಕನ್ನಡ ತಿಳಿಯದು. ಹಳೆಯ ನುಡಿ ಆಸ್ಕಿ ಫಾಂಟ್ ಹಚ್ಚಿ ಓಡಿಸಿದ ಡೇಟಾ ನಿಜಕ್ಕೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ, ಪರಿವರ್ತಕದಿಂದ ಹಾಯಿಸಿಯೇ ಹೊಸದಕ್ಕೆ ತರಬೇಕು.

ಚೀಟಿ

ಡಾಟ್ ಮ್ಯಾಟ್ರಿಕ್ಸ್‌ನ ಒಳಗಿನ ಅಕ್ಷರಮಾಲೆಯಲ್ಲಿ ಕನ್ನಡ ಇರುವುದಿಲ್ಲ. ಕನ್ನಡ ಬೇಕೆಂದರೆ ಚಿತ್ರವಾಗಿ ಹೊಡೆಯಬೇಕು, 9 ಪಿನ್ನಿನ ಪ್ರಿಂಟರ್ ಒಂದೇ ಸಾಲಿನ ಮೇಲೆ ಹಲವು ಬಾರಿ ಓಡಾಡುತ್ತದೆ. ಅಷ್ಟರಲ್ಲಿ ಹಿಂದಿನ ಲಾರಿ ಹಾರ್ನ್ ಹೊಡೆಯುತ್ತದೆ. ಗಿರಣಿಯ ಹೆಸರು, ‘ಗ್ರಾಸ್ ತೂಕ’, ‘ಟೇರ್ ತೂಕ’, ‘ನೆಟ್ ತೂಕ’ ಎಂಬ ತಲೆಬರಹಗಳನ್ನು ಪ್ರೆಸ್‌ನಲ್ಲೇ ಕನ್ನಡದಲ್ಲಿ ಅಚ್ಚು ಹಾಕಿಸಿದ ಉದ್ದ ಕಾಗದ ತರಿಸಿ, ಅಂಕಿ ಮತ್ತು ಲಾರಿ ನಂಬರ್ ಮಾತ್ರ ಕಚ್ಚಾ ಪಠ್ಯವಾಗಿ ಪ್ರಿಂಟರ್‌ಗೆ ಕಳಿಸಿ. ಮೂರು ಪ್ರತಿಯ ಕಾರ್ಬನ್ ಚೀಟಿಯೂ ಬೇಗ ಬರುತ್ತದೆ. ಡಬ್ಲ್ಯುಪಿಎಫ್‌ನ ಸ್ವಂತ ಅಚ್ಚಿನ ದಾರಿ ಇಂಥ ಪ್ರಿಂಟರ್‌ಗೆ ನಿಧಾನ, ಅದರೊಳಗಿಂದಲೂ ಹಳೆಯ ಪ್ರಿಂಟ್ ಡಾಕ್ಯುಮೆಂಟ್ ಕರೆಯಬಹುದು.

80 ಮಿಮೀ ಥರ್ಮಲ್ ರೋಲ್ ಆದರೆ ಕನ್ನಡ ಸಲೀಸು. 203 ಡಿಪಿಐ ಪ್ರಿಂಟರ್‌ನ ಅಚ್ಚಿನ ಅಗಲ ಸಾಮಾನ್ಯವಾಗಿ 576 ಚುಕ್ಕೆ, ಮಿಲಿಮೀಟರಿಗೆ 8. ಪೂರ್ತಿ ರಸೀದಿಯನ್ನು 576 ಅಗಲದ ಕಪ್ಪುಬಿಳುಪು ಚಿತ್ರವಾಗಿ ಬರೆದು ಕಳಿಸಿ. ಅಕ್ಷರ 24 ಚುಕ್ಕೆಗಿಂತ ಚಿಕ್ಕದಾದರೆ ಒತ್ತುಗಳು ಮಸಿಯ ಮುದ್ದೆಯಾಗುತ್ತವೆ, 30ರ ಸುಮಾರು ಇಡಿ. ಅಂಚು ಮೃದುಗೊಳಿಸುವ ಸೌಲಭ್ಯ ನಿಲ್ಲಿಸಿಬಿಡಿ.

ಯಾರಿಗೆ ಯಾವುದು

ಕಾಟಾ ಮತ್ತು ಅಡತಿ ಲೆಕ್ಕಕ್ಕೆ ವಿನ್‌ಫಾರ್ಮ್ಸ್, ಫ್ರೇಮ್‌ವರ್ಕ್ 4.8ರ ಮೇಲೆ. ಐದಕ್ಕೆ ನಾಲ್ಕೂವರೆ ಕೊಡಬಹುದು, ಅರ್ಧ ಕಡಿತ ಡಿಸೈನರ್‌ನ ಸ್ಕೇಲ್ ಆಟಕ್ಕೆ. ಜೀನ್ಸ್ ಘಟಕದಂತೆ ಪರದೆ ಹೆಚ್ಚು, ಭಾಷೆ ಎರಡು ಇದ್ದರೆ ಡಬ್ಲ್ಯುಪಿಎಫ್, ನಾಲ್ಕು. ಕ್ಯೂಟಿಗೂ ನಾಲ್ಕು, ಆದರೆ ಆ ಕೈ ಇದ್ದವರಿಗೆ. ಎಲೆಕ್ಟ್ರಾನ್‌ಗೆ 8 ಜಿಬಿ ಯಂತ್ರದ ಮೇಲೆ ಮೂರೂವರೆ, 4 ಜಿಬಿ ಮೇಲೆ ಎರಡು. ವಿಶುವಲ್ ಸ್ಟುಡಿಯೋ ಕಮ್ಯುನಿಟಿ ಒಬ್ಬಂಟಿ ಡೆವಲಪರ್‌ಗೆ ಉಚಿತ, ಸಣ್ಣ ಸಂಸ್ಥೆಯಲ್ಲಿ ಐವರವರೆಗೆ ಬಳಸಬಹುದು, ಆದ್ದರಿಂದ ಮೊದಲ ಎರಡಕ್ಕೆ ಉಪಕರಣದ ಖರ್ಚಿಲ್ಲ.

ಒಪ್ಪಂದಕ್ಕೆ ಕೈ ಹಾಕುವ ಮುನ್ನ, ಆರಿಸಿದ್ದರಲ್ಲಿ ಒಂದೇ ಒಂದು ಪರದೆ ಮಾಡಿ ಅದೇ ಗಿರಣಿಯ ಅದೇ ಯಂತ್ರಕ್ಕೆ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಲಾರಿ ನಂಬರ್, ಪಾರ್ಟಿ ಹೆಸರು ‘ಲಕ್ಷ್ಮೀ’, ಚೀಲದ ಸಂಖ್ಯೆ, ಕಾಟಾದ ತೂಕ, ಅಚ್ಚು. ಮೌಸ್ ಕಿತ್ತಿಟ್ಟು ಗುಮಾಸ್ತನ ಕೈಗೆ ಕೊಡಿ. ಚೀಟಿ ಹೊರಬರುವ ಹೊತ್ತಿಗೆ ಬೇಕಂತಲೇ ಕಂಪ್ಯೂಟರಿನ ಪ್ಲಗ್ ಕಿತ್ತು, ಮತ್ತೆ ಹಚ್ಚಿ, ಹಿಂದಿನ ಚೀಟಿ ಉಳಿದಿದೆಯೇ ನೋಡಿ.